ನಿವೇಶನ, ನೆರೆ, ತಕರಾರು: ಬಡಾವಣೆ ವಿರೋಧದ ಎರಡು ಚರಿತ್ರೆಗಳು ಮತ್ತು ಗಡಿನಾಡಿನ ಒಂದು ಪ್ರಶ್ನೆ

1. ಪ್ರವೇಶ

'ನಿವೇಶನ' ಎಂಬ ಪದ ಕನ್ನಡಕ್ಕೆ ಹೊಸದಲ್ಲ. ನಗರಾಭಿವೃದ್ಧಿ ಪ್ರಾಧಿಕಾರಗಳು ಹುಟ್ಟುವುದಕ್ಕೆ ಶತಮಾನಗಳ ಮೊದಲೇ ನಮ್ಮ ಶಾಸನಗಳು ಮನೆಯ ನಿವೇಶನಗಳನ್ನು ದತ್ತಿಯಾಗಿ ಬಿಟ್ಟುದನ್ನು ದಾಖಲಿಸಿವೆ. ಅವುಗಳ ಅಗಲ ನೀಳಗಳನ್ನು ಕೈ ಲೆಕ್ಕದಲ್ಲಿ ಹೇಳಿವೆ. ಭೂಮಿಯ ಎಲ್ಲೆಯನ್ನು ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ಸುತ್ತಿಬಂದು, ಅಲ್ಲಿನ ಮರ, ಗುಂಡು, ಕೆರೆಯ ಕೋಡಿಗಳನ್ನು ಸಾಕ್ಷಿಯಾಗಿ ನಿಲ್ಲಿಸುವುದು ಶಾಸನಗಳ ರೂಢಿ. ಕೊಟ್ಟ ಭೂಮಿಯನ್ನು ಅಪಹರಿಸಿದವರಿಗೆ ಶಾಪವನ್ನೂ ಅವು ಹೇಳುತ್ತವೆ. ಹಿಂದೂಪುರಕ್ಕೆ ಹತ್ತಿರದ ಲೇಪಾಕ್ಷಿಯಲ್ಲಿ ದೊರೆತ ವಿಜಯನಗರ ಕಾಲದ ಶಾಸನಗಳಲ್ಲಿ ಬಹುಪಾಲು ಕನ್ನಡದವು ಎಂಬುದು ಈ ಪತ್ರಿಕೆಯ ಓದುಗರಿಗೆ ತಿಳಿದೇ ಇದೆ. ಭೂಮಿಯ ಎಲ್ಲೆಯನ್ನು ಕನ್ನಡದಲ್ಲಿ ಬರೆದಿಡುವ ಅಭ್ಯಾಸ ಈ ಸೀಮೆಯಲ್ಲಿ ಹಳೆಯದು.

ಇಂದು ನಿವೇಶನವೆಂದರೆ ನಕ್ಷೆಯ ಮೇಲಿನ ಒಂದು ಸಂಖ್ಯೆ. ಆ ಸಂಖ್ಯೆ ಹುಟ್ಟುವ ಮೊದಲು ಅಲ್ಲಿ ಯಾರು ಏನು ಮಾಡಿಕೊಂಡಿದ್ದರು, ಬಡಾವಣೆ ಬರುತ್ತದೆಂದಾಗ ಅವರು ಏನೆಂದರು, ಅವರ ಮಾತನ್ನು ಯಾರು ಬರೆದುಕೊಂಡರು ಎಂಬ ಪ್ರಶ್ನೆಗಳನ್ನು ಪ್ರಸ್ತುತ ಲೇಖನ ಎತ್ತಿಕೊಳ್ಳುತ್ತದೆ. ಇದಕ್ಕೆ ಆಧಾರವಾಗಿ ಎರಡು ಪ್ರಕರಣಗಳಿವೆ. ಒಂದು, ಬೆಂಗಳೂರಿನ ಉತ್ತರ ಅಂಚಿನ ಹಳ್ಳಿಗಳು ಅರ್ಕಾವತಿ ಮತ್ತು ಡಾ. ಶಿವರಾಮ ಕಾರಂತ ಬಡಾವಣೆಗಳನ್ನು ಎದುರಿಸಿದ ಬಗೆ. ಇನ್ನೊಂದು, ಅಮರಾವತಿಯ ಭೂಮಾಲೀಕ ರೈತರು ಬಡವರ ನಿವೇಶನಗಳ ವಲಯವನ್ನು ಎದುರಿಸಿದ ಬಗೆ. ಹಿಂದೂಪುರ, ಕಲ್ಯಾಣದುರ್ಗಗಳ ಕನ್ನಡಿಗನಿಗೆ ಇವೆರಡೂ ಪರಕೀಯವಲ್ಲ. ದುಡಿಮೆಗೆ ಅವನು ನೋಡುವುದು ಬೆಂಗಳೂರಿನ ಕಡೆಗೆ. ಪಟ್ಟಾಕ್ಕಾಗಿ ನೋಡಬೇಕಾದುದು ಅಮರಾವತಿಯ ಕಡೆಗೆ. ಭೂಮಿಯನ್ನು ಗುಂಟೆಯಲ್ಲಿಯೂ ಸೆಂಟಿನಲ್ಲಿಯೂ ಎಣಿಸಬಲ್ಲ ಜನ ಗಡಿಯವರೇ.

ಲೇಖನದ ಪ್ರತಿಪಾದನೆ ಇಷ್ಟು: ಬಡಾವಣೆಯ ವಿರೋಧವನ್ನು ರೈತರ ಹೋರಾಟವೆಂದೋ ಉಳ್ಳವರ ಸ್ವಾರ್ಥವೆಂದೋ ಹೆಸರಿಸುವ ಮೊದಲು, ತಕರಾರು ಸಲ್ಲಿಸುವ ಹಕ್ಕು ಯಾರಿಗಿತ್ತು ಎಂಬುದನ್ನು ಕೇಳಬೇಕು. ಎರಡೂ ಕಡೆ ಆ ಹಕ್ಕು ಮೊದಲು ಒಲಿದದ್ದು ದಾಖಲೆಯಲ್ಲಿ ಹೆಸರಿದ್ದವರಿಗೆ. ಆದ್ದರಿಂದ ನಮಗೆ ಉಳಿದಿರುವ ವಿರೋಧದ ಚರಿತ್ರೆಯೂ ಹೆಚ್ಚಾಗಿ ಮಾಲೀಕರ ಚರಿತ್ರೆಯೇ ಆಗಿದೆ.

2. ಮೂವತ್ತು ದಿನಗಳ ಅವಕಾಶ

ಬೆಂಗಳೂರಿನ ಯೋಜಿತ ಬಡಾವಣೆಗಳ ಕಥೆಯನ್ನು ಸಾಮಾನ್ಯವಾಗಿ 1898ರ ಪ್ಲೇಗಿನಿಂದ ಆರಂಭಿಸುವುದು ವಾಡಿಕೆ. ಅದಕ್ಕೂ ಮೊದಲೇ ಯೋಜನೆಯಲ್ಲಿದ್ದ ಬಸವನಗುಡಿ, ಮಲ್ಲೇಶ್ವರಗಳು ಆ ಪಿಡುಗಿನ ಬಳಿಕ ಬೇಗ ಬೆಳೆದವು. 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯೂ ಅದರ ಉತ್ತರಾಧಿಕಾರಿಯಾಗಿ 1976ರ ಕಾಯ್ದೆಯ ಮೂಲಕ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ರೂಪುಗೊಂಡವು. ಸುತ್ತಲಿನ ಹಳ್ಳಿಗಳ ಹೊಲ, ತೋಟಗಳನ್ನು ಸ್ವಾಧೀನಪಡಿಸಿಕೊಂಡು, ರಸ್ತೆ ಚರಂಡಿಗಳನ್ನು ಮಾಡಿ, ನಿವೇಶನಗಳನ್ನಾಗಿ ಹಂಚುವುದು ಈ ಸಂಸ್ಥೆಗಳ ಕಾರ್ಯಕ್ರಮದ ತಿರುಳು. ಊರಿನ ಗ್ರಾಮಠಾಣ ಮಾತ್ರ ಹಾಗೆಯೇ ಉಳಿದು, ಸುತ್ತ ಹೊಸ ಬಡಾವಣೆ ಬೆಳೆದು, ಹಳೆಯ ಊರು ನಗರದೊಳಗಿನ ಇಕ್ಕಟ್ಟಿನ ಕೇರಿಯಾಗಿ ಬದಲಾದ ನಿದರ್ಶನಗಳು ಬೆಂಗಳೂರಿನ ಎಲ್ಲ ದಿಕ್ಕುಗಳಲ್ಲಿಯೂ ಇವೆ.

1976ರ ಕಾಯ್ದೆಯ 17ನೆಯ ಪ್ರಕರಣ ಪ್ರಾಥಮಿಕ ಅಧಿಸೂಚನೆಗೆ ಸಂಬಂಧಿಸಿದ್ದು. 18ನೆಯದು ಸರ್ಕಾರದ ಮಂಜೂರಾತಿಗೆ, 19ನೆಯದು ಅಂತಿಮ ಅಧಿಸೂಚನೆಗೆ. ಪ್ರಾಥಮಿಕ ಅಧಿಸೂಚನೆಯ ನಂತರ ನೋಟಿಸು ಕೊಡಬೇಕಾದುದು ಯಾರಿಗೆ ಎಂಬುದು ಇಲ್ಲಿ ಮುಖ್ಯ. ಸ್ಥಳೀಯ ಸಂಸ್ಥೆಯ ತೆರಿಗೆ ಪಟ್ಟಿಯಲ್ಲಿ ಅಥವಾ ಕಂದಾಯದ ದಾಖಲೆಯಲ್ಲಿ ತೆರಿಗೆ, ಕಂದಾಯಗಳಿಗೆ ಹೊಣೆಗಾರರೆಂದು ಯಾರ ಹೆಸರು ಇದೆಯೋ ಅವರಿಗೆ. ಅವರು ಮೂವತ್ತು ದಿನಗಳೊಳಗೆ ಕಾರಣ ತೋರಿಸಬೇಕು. ಹೊಲವನ್ನು ಕೋರಿಗೆ ಮಾಡುವವನು, ಕೂಲಿಯವಳು, ಕೆರೆಯಂಗಳದಲ್ಲಿ ಕುರಿ ಮೇಯಿಸುವವನು ಈ ಪಟ್ಟಿಯಲ್ಲಿಲ್ಲ. ಅವರಿಗೆ ಅಭಿಪ್ರಾಯವಿರಲಿಲ್ಲವೆಂದಲ್ಲ. ಅದನ್ನು ಬರೆದುಕೊಳ್ಳಲು ಕಲಂ ಇರಲಿಲ್ಲ.

3. ಅರ್ಕಾವತಿ: ಒಗ್ಗಟ್ಟಿನಿಂದ ವಿನಾಯಿತಿಗೆ

ಅರ್ಕಾವತಿ ಬಡಾವಣೆಯ ಪ್ರಾಥಮಿಕ ಅಧಿಸೂಚನೆ ಹೊರಟದ್ದು 2003ರ ಫೆಬ್ರವರಿ 3ರಂದು. ಜಕ್ಕೂರು, ಥಣಿಸಂದ್ರ, ರಾಚೇನಹಳ್ಳಿ, ಸಂಪಿಗೆಹಳ್ಳಿ, ಅಮೃತಹಳ್ಳಿ, ಹೆಣ್ಣೂರು, ನಾಗವಾರ ಮೊದಲಾದ 16 ಗ್ರಾಮಗಳ 3,339 ಎಕರೆ ಅದರ ವ್ಯಾಪ್ತಿ. 2004ರ ಫೆಬ್ರವರಿ 23ರ ಅಂತಿಮ ಅಧಿಸೂಚನೆಯಲ್ಲಿ ಇದು 2,750 ಎಕರೆಗೆ ಇಳಿಯಿತು. ಇವು ಕೆರೆಗಳ ಊರುಗಳು. ಜಕ್ಕೂರು, ರಾಚೇನಹಳ್ಳಿ, ನಾಗವಾರ, ಹೆಬ್ಬಾಳಗಳ ಕೆರೆಗಳನ್ನು ಇಂದಿಗೂ ಕಾಣಬಹುದು. ಬಡಾವಣೆಗೆ ಇಟ್ಟ ಹೆಸರು ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ನದಿಯದು. ಅದೇ ಸೀಮೆಯಲ್ಲಿ ಹುಟ್ಟಿ ಬಡಗಲಿಗೆ ಹರಿದು ಹಿಂದೂಪುರದ ಕಡೆಗೆ ಬರುವವಳು ಉತ್ತರ ಪಿನಾಕಿನಿ.

ವಿರೋಧಿಸಿದವರು ಒಂದೇ ವರ್ಗದವರಾಗಿರಲಿಲ್ಲ. ತಲೆಮಾರುಗಳಿಂದ ಬೇಸಾಯ ಮಾಡಿದ ರೈತರಿದ್ದರು. ನಗರದಲ್ಲಿ ದುಡಿದ ಹಣವನ್ನು ಕೂಡಿಸಿ ಕಂದಾಯ ಭೂಮಿಯಲ್ಲಿ ಸಣ್ಣ ಸೈಟು ಕೊಂಡ ಕೆಳಮಧ್ಯಮ ವರ್ಗದವರಿದ್ದರು. ಸಸ್ಯಕ್ಷೇತ್ರಗಳನ್ನು ನಡೆಸುವವರು, ಶಾಲೆ ಕಾಲೇಜುಗಳು, ಧರ್ಮಾರ್ಥ ಸಂಸ್ಥೆಗಳು, ಕಾರ್ಖಾನೆಗಳೂ ಇದ್ದವು. ನ್ಯಾಯಾಲಯದ ಮುಂದೆ ಇವರ ಮೊದಲ ವಾದಗಳು ಇಡೀ ಯೋಜನೆಗೆ ಅನ್ವಯಿಸುವಂಥವು. ಸಂವಿಧಾನದ 74ನೆಯ ತಿದ್ದುಪಡಿಯ ನಂತರ ನಗರ ಯೋಜನೆ ಚುನಾಯಿತ ಸಂಸ್ಥೆಗಳ ಕೆಲಸವಾದ್ದರಿಂದ ಪ್ರಾಧಿಕಾರಕ್ಕೆ ಈ ಅಧಿಕಾರವೇ ಉಳಿದಿಲ್ಲ ಎಂಬುದು ಅವುಗಳಲ್ಲಿ ಮುಖ್ಯವಾದುದು. 2005ರ ಏಪ್ರಿಲ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಅಧಿಸೂಚನೆಗಳನ್ನು ರದ್ದುಪಡಿಸಿದಾಗ ವಿರೋಧಿಗಳಿಗೆ ಪೂರ್ಣ ಗೆಲುವು ದೊರೆತಂತೆ ಕಂಡಿತು.

ಅದೇ ವರ್ಷದ ನವೆಂಬರಿನಲ್ಲಿ ವಿಭಾಗೀಯ ಪೀಠ ಯೋಜನೆಯನ್ನು ಎತ್ತಿಹಿಡಿಯಿತು. ಆದರೆ ಕೆಲವು ಬಗೆಯ ಭೂಮಿಗಳನ್ನು ಕೈಬಿಡುವಂತೆ ಕೋರಿಕೊಳ್ಳಲು ಅವಕಾಶ ನೀಡಿತು. ಹಸಿರು ಪಟ್ಟಿಯಲ್ಲಿರುವುದು, ಪೂರ್ತಿ ಕಟ್ಟಡಗಳಾಗಿರುವುದು, ಶೈಕ್ಷಣಿಕ ಹಾಗೂ ಧರ್ಮಾರ್ಥ ಸಂಸ್ಥೆಗಳಿರುವುದು, ಸಸ್ಯಕ್ಷೇತ್ರ, ಕಾರ್ಖಾನೆ, ಹಾಗೂ ಪಕ್ಕದ ಭೂಮಿಯನ್ನು ಕೈಬಿಟ್ಟಿದ್ದರೆ ಅದಕ್ಕೆ ಸಮಾನವಾದುದು ಎಂಬಂಥ ವರ್ಗಗಳು ಮೂಡಿದವು. ಬೊಂದು ರಾಮಸ್ವಾಮಿ ಪ್ರಕರಣವೆಂದು ಹೆಸರಾದ 2010ರ ಮೇ 5ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಪ್ರಾಧಿಕಾರದ ಅಧಿಕಾರವನ್ನು ಒಪ್ಪಿ, ವಿನಾಯಿತಿಯ ಈ ಚೌಕಟ್ಟನ್ನು ಕೆಲವು ಬದಲಾವಣೆಗಳೊಂದಿಗೆ ಉಳಿಸಿತು.

ವಿರೋಧದ ಸ್ವರೂಪ ಬದಲಾದದ್ದು ಇಲ್ಲಿ. ಹದಿನಾರು ಹಳ್ಳಿಗಳ ಒಂದು ಪ್ರಶ್ನೆ ಸಾವಿರಾರು ಸರ್ವೆ ನಂಬರುಗಳ ಬಿಡಿ ಅರ್ಜಿಗಳಾಗಿ ಒಡೆಯಿತು. 'ಈ ಬಡಾವಣೆ ಬೇಕೇ' ಎಂಬ ಮಾತು ಹಿಂದೆ ಸರಿದು 'ನನ್ನ ತುಂಡು ಯಾವ ವರ್ಗಕ್ಕೆ ಸೇರುತ್ತದೆ' ಎಂಬುದು ಮುಂದೆ ಬಂತು. ಮನೆ ಕಟ್ಟಿದವನಿಗೆ ವಿನಾಯಿತಿಯ ದಾರಿ ತೆರೆದರೆ, ರಾಗಿ ಬೆಳೆಯುತ್ತಿದ್ದವನ ಹೊಲ ಖಾಲಿ ಜಾಗವೆಂದು ಎಣಿಕೆಯಾಯಿತು. ನೆಲವನ್ನು ನೆಲವಾಗಿಯೇ ಉಳಿಸಿಕೊಂಡವನ ವಾದವೇ ದುರ್ಬಲವಾದದ್ದು ಈ ಚರಿತ್ರೆಯ ಕಹಿ ಅಂಶ. ಯಾರ ಭೂಮಿ ಹೊರಗುಳಿಯಿತು, ಯಾರದು ಒಳಗುಳಿಯಿತು ಎಂಬ ವಿವಾದ ಮುಂದೆ ರಾಜಕೀಯಕ್ಕೂ ಹಬ್ಬಿ, 2014ರಲ್ಲಿ ನ್ಯಾಯಮೂರ್ತಿ ಕೆಂಪಣ್ಣ ಆಯೋಗದ ನೇಮಕಕ್ಕೆ ಕಾರಣವಾಯಿತು.

2010ರ ತೀರ್ಪಿನ ಇನ್ನೊಂದು ಭಾಗವನ್ನೂ ನೆನೆಯಬೇಕು. ಹೆದ್ದಾರಿ, ಅಣೆಕಟ್ಟುಗಳಿಗಾಗಿ ನಡೆಯುವ ಸ್ವಾಧೀನ ಬೇರೆ, ವಸತಿ ಬಡಾವಣೆಗಾಗಿ ನಡೆಯುವುದು ಬೇರೆ. ಎರಡನೆಯದರಲ್ಲಿ ಭೂಮಿ ಕಳೆದುಕೊಂಡವನನ್ನು ಯೋಜನೆಯ ಫಲದಲ್ಲಿ ಪಾಲುಗಾರನನ್ನಾಗಿ ಮಾಡಲು ಸಾಧ್ಯ ಎಂಬ ವಿಚಾರವನ್ನು ನ್ಯಾಯಾಲಯ ಅಲ್ಲಿ ವಿಸ್ತಾರವಾಗಿ ಚರ್ಚಿಸಿತು. ಆದರೆ ಆ ಪಾಲೂ ಭೂಮಿ ಇದ್ದವನಿಗೇ ಸಲ್ಲುವಂಥದು.

4. ಕಾರಂತರ ಹೆಸರಿನ ಬಡಾವಣೆ

2008ರ ಡಿಸೆಂಬರ್ 30ರಂದು ಪ್ರಾಧಿಕಾರ 17 ಗ್ರಾಮಗಳ 3,546 ಎಕರೆಗೆ ಮತ್ತೊಂದು ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಬಡಾವಣೆಗೆ ಡಾ. ಶಿವರಾಮ ಕಾರಂತರ ಹೆಸರು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ, ಅದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು 1989ರ ಲೋಕಸಭಾ ಚುನಾವಣೆಗೆ ಇಳಿವಯಸ್ಸಿನಲ್ಲಿ ನಿಂತ ಲೇಖಕರ ಹೆಸರನ್ನು ಹೊತ್ತ ಬಡಾವಣೆಯ ವಿರುದ್ಧ ಹಳ್ಳಿಗಳು ನಿಲ್ಲಬೇಕಾಯಿತು. ಗೌರವಾರ್ಥವಾಗಿ ಇಟ್ಟ ಹೆಸರಾದರೂ, ನೆಲದ ಪರವಾಗಿ ಮಾತನಾಡಿದವರನ್ನು ನೆಲ ಕಳೆದುಕೊಂಡವರ ನೆನಪಿನಲ್ಲಿ ಅದು ಎಲ್ಲಿ ಕೂರಿಸಿತು ಎಂಬುದು ಯೋಚಿಸಬೇಕಾದ ಸಂಗತಿ.

ಈ ಪ್ರಕರಣದ ವಿಶೇಷವೆಂದರೆ ಕಾಲ. 2014ರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಅಧಿಸೂಚನೆಯನ್ನು ರದ್ದುಪಡಿಸಿತು. 2017ರಲ್ಲಿ ವಿಭಾಗೀಯ ಪೀಠ ಅದನ್ನೇ ಒಪ್ಪಿತು. 2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟು ಎರಡನ್ನೂ ತಳ್ಳಿಹಾಕಿ ಯೋಜನೆಯನ್ನು ಮುಂದುವರಿಸಲು ಆದೇಶಿಸಿತು. ಈ ಹತ್ತು ವರ್ಷಗಳಲ್ಲಿ ಬದುಕು ನಿಲ್ಲಲಿಲ್ಲ. ಮಕ್ಕಳ ಮದುವೆಗಳಾದವು, ಪಾಲುಗಳಾದವು, ಕೆಲವರು ಮಾರಿದರು, ಕೆಲವರು ಕೊಂಡರು, ಕೊಂಡವರು ಮನೆ ಕಟ್ಟಿದರು. ಆ ಮನೆಗಳಲ್ಲಿ ಯಾವುವನ್ನು ಸಕ್ರಮಗೊಳಿಸಬಹುದು ಎಂಬುದನ್ನು ಪರಿಶೀಲಿಸಲು 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಅವರ ನೇತೃತ್ವದ ಸಮಿತಿಯನ್ನು ನೇಮಿಸಬೇಕಾಯಿತು. ಇಲ್ಲಿಯೂ ಕೊನೆಗೆ ಮಾತು ನಡೆದದ್ದು ಒಂದೊಂದು ಮನೆಯ ದಾಖಲೆಯ ಸುತ್ತ.

5. ಅಮರಾವತಿ: ವಿರೋಧದ ದಿಕ್ಕು ಬದಲಾದಾಗ

ಇನ್ನು ನಮ್ಮದೇ ರಾಜ್ಯದ ಪ್ರಕರಣ. ಬೆಂಗಳೂರಿನ ಹಳ್ಳಿಗಳಿಗೆ ಬರಲಿದ್ದವರು ನಿವೇಶನ ಕೊಳ್ಳಬಲ್ಲ ನಗರವಾಸಿಗಳು. ಅಮರಾವತಿಗೆ ಬರಲಿದ್ದವರು ನಿವೇಶನ ಕೊಳ್ಳಲಾಗದ ಬಡವರು. ವಿರೋಧದ ಅರ್ಥ ಇಲ್ಲಿ ಹೇಗೆ ಬದಲಾಗುತ್ತದೆ ಎಂಬುದನ್ನು ನೋಡುವುದಕ್ಕಾಗಿಯೇ ಈ ಹೋಲಿಕೆ.

ರಾಜಧಾನಿಗಾಗಿ 2015ರಿಂದ ನಡೆದ ಭೂ ಸಮೀಕರಣದಲ್ಲಿ ರೈತರು 30 ಸಾವಿರ ಎಕರೆಗೂ ಹೆಚ್ಚು ಭೂಮಿಯನ್ನು ಒಪ್ಪಂದದ ಮೇಲೆ ಬಿಟ್ಟುಕೊಟ್ಟಿದ್ದರು. 2023ರಲ್ಲಿ ಸರ್ಕಾರ ಕೃಷ್ಣಾಯಪಾಲೆಂ, ನಿಡಮರ್ರು, ಕುರಗಲ್ಲು, ಮಂದಡಂ, ಐನವೋಲು ಗ್ರಾಮಗಳ ಸೀಮೆಯಲ್ಲಿ ಆರ್-5 ಎಂಬ ಹೊಸ ವಸತಿ ವಲಯವನ್ನು ಗುರುತಿಸಿ, ಗುಂಟೂರು ಮತ್ತು ಎನ್‌ಟಿಆರ್ ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಬಡ ಕುಟುಂಬಗಳಿಗೆ ಸುಮಾರು 1,400 ಎಕರೆಯಲ್ಲಿ ತಲಾ ಒಂದು ಸೆಂಟು ಹಂಚಲು ಮುಂದಾಯಿತು. ರೈತರು ನ್ಯಾಯಾಲಯಕ್ಕೆ ಹೋದರು. ಮೇ 17ರಂದು ಸುಪ್ರೀಂ ಕೋರ್ಟು, ಅಂತಿಮ ತೀರ್ಪಿಗೆ ಒಳಪಟ್ಟು ಪಟ್ಟಾ ಹಂಚಬಹುದೆಂದಿತು. ಮೇ 26ರಂದು ಪಟ್ಟಾಗಳು ಹಂಚಿಕೆಯಾದವು. ಜುಲೈನಲ್ಲಿ ಮನೆಗಳಿಗೆ ಶಂಕುಸ್ಥಾಪನೆಯಾಯಿತು. ಆಗಸ್ಟ್ 3ರಂದು ಆಂಧ್ರಪ್ರದೇಶ ಹೈಕೋರ್ಟು ಮನೆ ಕಟ್ಟುವುದಕ್ಕೆ ತಡೆ ನೀಡಿತು.

ರೈತರ ವಾದಕ್ಕೆ ಬಲವಿರಲಿಲ್ಲವೆನ್ನಲಾಗದು. ರಾಜಧಾನಿ ಕಟ್ಟುವುದಾಗಿ ಹೇಳಿ ಪಡೆದ ಭೂಮಿ, ರಾಜಧಾನಿಯ ಕೆಲಸವೇ ನಿಂತಿದ್ದ ಕಾಲದಲ್ಲಿ ಬೇರೆ ಉದ್ದೇಶಕ್ಕೆ ಹೋಗುತ್ತಿದೆ ಎಂಬುದು ಅವರ ದೂರು. ಅಂದಿನ ಮುಖ್ಯಮಂತ್ರಿಗಳು ಇದನ್ನು ಬೇರೆ ಬೆಳಕಿನಲ್ಲಿ ಕಾಣಿಸಿ, ಬಡವರು ಬಂದರೆ ಜನಸಂಖ್ಯೆಯ ಸಮತೋಲನ ಕೆಡುತ್ತದೆ ಎಂದು ವಿರೋಧಿಗಳು ವಾದಿಸುತ್ತಿದ್ದಾರೆಂದು ಸಭೆಗಳಲ್ಲಿ ಆರೋಪಿಸಿದರು. ಎರಡು ರಾಜಕೀಯ ಬಣಗಳ ಈ ಮಾತುಗಳ ನಡುವೆ, ಪಟ್ಟಾ ಕೈಯಲ್ಲಿದ್ದರೂ ಮನೆ ಕಟ್ಟಲಾಗದೆ ಉಳಿದ ಕುಟುಂಬಗಳಿದ್ದವು. ತಮ್ಮ ನಿವೇಶನ ತಮ್ಮ ದುಡಿಮೆಯ ಸ್ಥಳಕ್ಕೆ ಎಷ್ಟು ದೂರ, ಒಂದು ಸೆಂಟು ಸಾಕೇ ಎಂದು ಅವರನ್ನು ಕೇಳುವ ಹಂತ ಈ ವ್ಯವಹಾರದ ಯಾವ ಮೆಟ್ಟಿಲಲ್ಲಿಯೂ ಇರಲಿಲ್ಲ. ಒಂದು ಸೆಂಟೆಂದರೆ 435.6 ಚದರಡಿ. ಬೆಂಗಳೂರಿನ ಬಡಾವಣೆಗಳ ಪರಿಚಿತ ಅಳತೆಯಾದ ಮೂವತ್ತು ನಲವತ್ತರ ನಿವೇಶನ ಎರಡೂಮುಕ್ಕಾಲು ಸೆಂಟು.

6. ನೆರೆ ಎಂಬ ಮಾತು

ಕನ್ನಡದಲ್ಲಿ 'ನೆರೆ' ಎಂದರೆ ಪಕ್ಕದ ಮನೆಯೂ ಹೌದು, ಉಕ್ಕಿಬರುವ ಪ್ರವಾಹವೂ ಹೌದು. ಬಡಾವಣೆಯ ವಿರೋಧದಲ್ಲಿ ಈ ಎರಡು ಅರ್ಥಗಳು ಒಂದರೊಳಗೊಂದು ಬೆರೆಯುತ್ತವೆ. ಜಕ್ಕೂರಿನ ರೈತನಿಗೆ ಬರಲಿರುವ ನೆರೆ ತನ್ನ ಹೊಲವನ್ನೇ ಮುಳುಗಿಸುವಂಥದು. ಅಮರಾವತಿಯ ರೈತನಿಗೆ ಅದು ತನಗೆ ಕೊಟ್ಟ ಮಾತನ್ನು ಮುಳುಗಿಸುವಂಥದು. ಮೊದಲನೆಯವನ ಭಯವನ್ನು ಸಹಜವೆಂದೂ ಎರಡನೆಯವನದನ್ನು ಸಣ್ಣತನವೆಂದೂ ತೀರ್ಮಾನಿಸುವುದು ಸುಲಭ. ಇದಕ್ಕೆ ತದ್ವಿರುದ್ಧವಾದ ತೀರ್ಮಾನವೂ ಅಷ್ಟೇ ಸುಲಭ. ಆದರೆ ಎರಡು ಕಡೆಯೂ ಕಾನೂನು ಕಿವಿಗೊಟ್ಟದ್ದು ಒಂದೇ ಬಗೆಯ ಧ್ವನಿಗೆ. ಸರ್ವೆ ನಂಬರು ಇದ್ದವನ ಧ್ವನಿ ಅದು. ಬೆಂಗಳೂರಿನಲ್ಲಿ ಹೊರಗೆ ಹೋಗಬೇಕಾದ ಭೂರಹಿತನೂ ಅಮರಾವತಿಯಲ್ಲಿ ಒಳಗೆ ಬರಬೇಕಾದ ಭೂರಹಿತನೂ ಕಡತದಲ್ಲಿ ಸಂಖ್ಯೆಗಳಾಗಿ ಮಾತ್ರ ಉಳಿದರು.

2013ರ ಭೂಸ್ವಾಧೀನ ಕಾಯ್ದೆ ಈ ಕೊರತೆಯನ್ನು ಒಂದು ಮಟ್ಟಿಗೆ ಗುರುತಿಸಿತು. ಮೂರು ವರ್ಷಗಳಿಂದ ಆ ನೆಲವನ್ನು ನಂಬಿ ಬದುಕಿದ ಗೇಣಿದಾರ, ಪಾಲುಬೇಸಾಯಗಾರ, ಕೃಷಿಕೂಲಿ, ಕುಶಲಕರ್ಮಿಗಳ ಕುಟುಂಬಗಳನ್ನೂ ಅದು ಬಾಧಿತ ಕುಟುಂಬಗಳೆಂದಿತು; ಸಾಮಾಜಿಕ ಪರಿಣಾಮದ ಅಧ್ಯಯನವನ್ನು ಕಡ್ಡಾಯಗೊಳಿಸಿತು. ಅನಂತರ ಆಂಧ್ರಪ್ರದೇಶ 2018ರಲ್ಲಿ, ಕರ್ನಾಟಕ 2019ರಲ್ಲಿ ತಂದ ತಿದ್ದುಪಡಿಗಳು ಬಡವರ ವಸತಿಯೂ ಸೇರಿದಂತೆ ಕೆಲವು ಬಗೆಯ ಯೋಜನೆಗಳನ್ನು ಆ ಅಧ್ಯಯನದಿಂದ ಹೊರಗಿಡಲು ದಾರಿ ಮಾಡಿದವು. ಬಡವರ ಹೆಸರಿನ ಯೋಜನೆಯಲ್ಲಿಯೇ ಬಡವರ ಮಾತನ್ನು ಕೇಳುವ ಹಂತ ಬಿಟ್ಟುಹೋಗುವ ಸಾಧ್ಯತೆ ಹೀಗೆ ಉಂಟಾಯಿತು.

7. ಹಿಂದೂಪುರ, ಕಲ್ಯಾಣದುರ್ಗಗಳಿಂದ ನೋಡಿದಾಗ

ಈ ಎರಡು ಚರಿತ್ರೆಗಳನ್ನು ನಮ್ಮ ಸೀಮೆಗೆ ತಂದುಕೊಂಡಾಗ ಮೂರನೆಯದೊಂದು ಸಂಗತಿ ಸೇರುತ್ತದೆ. ಅದು ಭಾಷೆ. 1882ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ಅನಂತಪುರ ಜಿಲ್ಲೆ 1953ರಲ್ಲಿ ಆಂಧ್ರ ರಾಜ್ಯದ ಭಾಗವಾಯಿತು. 2022ರ ಏಪ್ರಿಲ್‌ನಿಂದ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಕಲ್ಯಾಣದುರ್ಗ ಅನಂತಪುರಂ ಜಿಲ್ಲೆಯಲ್ಲಿಯೇ ಉಳಿದಿದೆ. ಮಡಕಶಿರಾ ಸೀಮೆಯಿಂದ ರಾಯದುರ್ಗದವರೆಗಿನ ಗಡಿಯ ಹಳ್ಳಿಗಳಲ್ಲಿ ಮನೆಯ ಮಾತು ಕನ್ನಡವಾಗಿದ್ದು ಕಚೇರಿಯ ಮಾತು ತೆಲುಗಾಗಿರುವುದು ಸಾಮಾನ್ಯ.

ಎರಡು ಭಾಷೆಗಳ ನಡುವೆ ಪದಗಳು ಜಾರುವ ರೀತಿಯನ್ನು ಗಮನಿಸಬೇಕು. ತೆಲುಗಿನಲ್ಲಿ 'ಬೀಡು' ಎಂದರೆ ಉಳದೆ ಬಿಟ್ಟ ಭೂಮಿ. ಕನ್ನಡದಲ್ಲಿ ಅದು ಜನ ನೆಲೆಸಿದ ತಾಣ. ಕನ್ನಡಿಗ 'ಬೀಳು' ಎನ್ನುವುದನ್ನು ತೆಲುಗಿನವ 'ಬೀಡು' ಎನ್ನುತ್ತಾನೆ. ಕನ್ನಡದ ಆಡುಮಾತಿನಲ್ಲಿ 'ಅಭ್ಯಂತರ' ಸೌಜನ್ಯದ ಒಂದು ಸಣ್ಣ ಅಡ್ಡಿ. ತೆಲುಗು ಕಚೇರಿಯಲ್ಲಿ 'ಅಭ್ಯಂತರಂ' ಅವಧಿಯೊಳಗೆ ಸಲ್ಲಿಸಬೇಕಾದ ಕಾನೂನಿನ ತಕರಾರು. ಇಂಥ ಜಾರುವಿಕೆ ಮಾತುಕತೆಯಲ್ಲಿ ನಗೆ ತರಬಹುದು, ನೋಟಿಸಿನಲ್ಲಿ ಹೊಲವನ್ನೇ ಕಳೆಯಬಹುದು. ದೇಶದ ಅತಿ ಕಡಿಮೆ ಮಳೆಯ ಜಿಲ್ಲೆಗಳಲ್ಲೊಂದಾದ ಇಲ್ಲಿ ಮಳೆ ತಪ್ಪಿದ ವರ್ಷ ಕಡಲೆಕಾಯಿ ಬಿತ್ತುವ ಹೊಲವೂ ಬೀಳು ಬೀಳುತ್ತದೆ; ಅದೇ ಕುರಿ ಮೇಕೆಗಳಿಗೆ ಮೇವಾಗುತ್ತದೆ. 'ಖಾಲಿ' ಎಂಬುದು ಇಲ್ಲಿ ಭೂಮಿಯ ಗುಣವಲ್ಲ, ಆ ವರ್ಷದ ಮಳೆಯ ಸುದ್ದಿ. ನಿವೇಶನಕ್ಕೆ ಯೋಗ್ಯವಾದ ಖಾಲಿ ಜಾಗವನ್ನು ಗುರುತಿಸುವ ಅಧಿಕಾರಿ ಯಾವ ವರ್ಷ ಬಂದ ಎಂಬುದೇ ಊರಿನ ಭವಿಷ್ಯವನ್ನು ನಿರ್ಧರಿಸಬಹುದು.

ಕಾನೂನಿನಲ್ಲಿ ಇದಕ್ಕೆ ಆಧಾರಗಳಿಲ್ಲದಿಲ್ಲ. ಸಂವಿಧಾನದ 350ನೆಯ ವಿಧಿ, ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ನೀಡಿದೆ. ಒಂದು ಪ್ರದೇಶದ ಜನಸಂಖ್ಯೆಯಲ್ಲಿ ಶೇ. 15ರಷ್ಟು ಭಾಷಾ ಅಲ್ಪಸಂಖ್ಯಾತರಿದ್ದರೆ ಮುಖ್ಯ ಪ್ರಕಟಣೆಗಳನ್ನು ಅವರ ಭಾಷೆಯಲ್ಲಿಯೂ ಹೊರಡಿಸಬೇಕೆಂಬುದು ಭಾಷಾ ಅಲ್ಪಸಂಖ್ಯಾತರಿಗಾಗಿ ಒಪ್ಪಿತವಾದ ರಕ್ಷಣೆಗಳಲ್ಲಿ ಒಂದು. 2013ರ ಕಾಯ್ದೆಯ 11ನೆಯ ಪ್ರಕರಣ ಇನ್ನೂ ಸೂಕ್ಷ್ಮವಾಗಿದೆ. ಪತ್ರಿಕಾ ಪ್ರಕಟಣೆಯ ಬಗ್ಗೆ ಹೇಳುವಾಗ ಅದು 'ಪ್ರಾದೇಶಿಕ ಭಾಷೆ' ಎನ್ನುತ್ತದೆ. ಪಂಚಾಯತಿ ಮತ್ತು ಕಚೇರಿಗಳಲ್ಲಿ ಅಂಟಿಸುವ ಪ್ರಕಟಣೆಯ ಬಗ್ಗೆ 'ಸ್ಥಳೀಯ ಭಾಷೆ' ಎನ್ನುತ್ತದೆ. ಶಾಸನಕಾರರು ಎರಡು ಬೇರೆ ಪದಗಳನ್ನು ಬಳಸಿರುವಾಗ ಎರಡಕ್ಕೂ ಒಂದೇ ಅರ್ಥವೆಂದು ಓದಬೇಕಾಗಿಲ್ಲ. ಗಡಿಯ ಒಂದು ಹಳ್ಳಿಯಲ್ಲಿ ಪ್ರಾದೇಶಿಕ ಭಾಷೆ ತೆಲುಗಾದರೂ ಸ್ಥಳೀಯ ಭಾಷೆ ಕನ್ನಡವಾಗಿರಲು ಯಾವ ಅಡ್ಡಿಯೂ ಇಲ್ಲ. ಭಾಷಾ ಅಲ್ಪಸಂಖ್ಯಾತರ ಹಕ್ಕುಗಳ ಚರ್ಚೆ ಬಹುಮಟ್ಟಿಗೆ ಶಾಲೆಯ ಸುತ್ತಲೇ ನಡೆದಿದೆ. ಅದು ಭೂಮಿಯ ನೋಟಿಸಿನವರೆಗೂ ಬರಬೇಕಾಗಿದೆ.

8. ಸಮಾರೋಪ

ಅರ್ಕಾವತಿಯ ಹಳ್ಳಿಗಳು ಒಟ್ಟಾಗಿ ಕೇಳಿದ ಪ್ರಶ್ನೆಗೆ ಉತ್ತರ ದೊರೆಯಲಿಲ್ಲ. ಬಿಡಿಬಿಡಿಯಾಗಿ ಕೇಳಿದವರಲ್ಲಿ ಕೆಲವರಿಗೆ ವಿನಾಯಿತಿ ದೊರೆಯಿತು. ಅಮರಾವತಿಯಲ್ಲಿ ತಡೆ ದೊರೆತದ್ದು ದಾಖಲೆಯಿದ್ದವರಿಗೆ; ಕಾಯಬೇಕಾದದ್ದು ದಾಖಲೆ ಆಗತಾನೆ ಕೈಗೆ ಬಂದವರು. ಇವೆರಡರಿಂದ ಗಡಿನಾಡಿನ ಸಂಶೋಧಕರು ಕಲಿಯಬೇಕಾದ ಪಾಠ ಕಡತಗಳಿಗೆ ಸಂಬಂಧಿಸಿದ್ದು. ಅನಂತಪುರಂ-ಹಿಂದೂಪುರ ನಗರಾಭಿವೃದ್ಧಿ ಪ್ರಾಧಿಕಾರದಂಥ ಸಂಸ್ಥೆಗಳು ಇಂದು ನಮ್ಮ ಸೀಮೆಯಲ್ಲಿಯೂ ಇವೆ. ಬೆಂಗಳೂರಿನ ಭೂಮಿಯ ಬೆಲೆ ಉತ್ತರದ ಹಾದಿ ಹಿಡಿದು ಗಡಿ ದಾಟಿ ಬರುತ್ತಿದೆ. ಮುಂದೆ ಬರುವ ಬಡಾವಣೆಗಳಿಗೆ ಇಲ್ಲಿನ ಜನ ಬೇಡವೆನ್ನಬಹುದು, ಬೇಕೆನ್ನಬಹುದು, ಹೀಗಲ್ಲ ಹಾಗೆ ಎನ್ನಬಹುದು. ಯಾವುದೇ ಆದರೂ ಅದು ಬರವಣಿಗೆಗೆ ಇಳಿಯಬೇಕು. ಗೇಣಿದಾರನ ಮಾತು, ಕುರಿಗಾರನ ಮಾತು, ನಿವೇಶನಕ್ಕಾಗಿ ಅರ್ಜಿ ಹಾಕಿ ಕಾದಿರುವವಳ ಮಾತು, ಅವರವರ ಭಾಷೆಯಲ್ಲಿ, ದಿನಾಂಕ ಸಮೇತ.

ಕನ್ನಡದಲ್ಲಿ ಬರೆದ ತಕರಾರು ಅರ್ಜಿಗಳು, ಗ್ರಾಮಸಭೆಯ ನಡಾವಳಿಗಳು, ಎಲ್ಲೆಯ ಜಗಳಗಳ ರಾಜಿಪತ್ರಗಳು ಈ ಸೀಮೆಯ ಮನೆಗಳ ಪೆಟ್ಟಿಗೆಗಳಲ್ಲಿ ಇನ್ನೂ ಇರಬಹುದು. ಶಾಸನಗಳಿಗೆ ನಾವು ತೋರಿದ ಆದರವನ್ನು ಅವಕ್ಕೂ ತೋರಿ ಸಂಗ್ರಹಿಸುವುದು ನಮ್ಮಂಥ ಅಧ್ಯಯನ ಕೇಂದ್ರಗಳ ಕೆಲಸ. ಕಲ್ಲಿನ ಮೇಲೆ ಎಲ್ಲೆಯನ್ನು ಬರೆಸಿದವನು ದಾನಿ. ಆ ಎಲ್ಲೆಯೊಳಗೆ ಬದುಕಿದವರ ಮಾತನ್ನು ಬರೆದಿಡುವ ಹೊಣೆ ಈಗ ನಮ್ಮ ಮೇಲಿದೆ.